ಗದ್ದುಗೆಯ ಚಾಪೆ ಒಡೆದ ಸೋಮವಾರ

ಅಜ್ಜನವರು ಕೂತರು. ಚಾಪೆ ಒಡೆಯಿತು.

ಹರಿಯಲಿಲ್ಲ, ಸರಿಯಲಿಲ್ಲ – ಒಡೆಯಿತು. ಒಲೆಗೆ ಬಿದ್ದ ಒಣಕಡ್ಡಿಯ ಹಾಗೆ ಪಟ್ ಪಟ್ ಪಟ್ ಎಂದು ಸದ್ದು. ಗದ್ದುಗೆಯ ಮುಂದೆ ನೆರೆದಿದ್ದ ಮಂದಿಯ ಬಾಯಲ್ಲಿ ಮಂತ್ರ ಅರ್ಧಕ್ಕೇ ನಿಂತಿತು. ಅಜ್ಜನವರು ನನ್ನ ಭುಜ ಹಿಡಿದು ಎದ್ದಾಗ ಅವರ ಕಾವಿಯ ಮೇಲೆ ಒಂದು ಹನಿ ರಕ್ತ. ಸೀಳಿದ ಕಡ್ಡಿಯೊಂದು ತೊಡೆಗೆ ಚುಚ್ಚಿತ್ತು.

ಶ್ರಾವಣದ ಮೊದಲ ಸೋಮವಾರ. ಮಸ್ಕಿಯಿಂದ ಬಳಗಾನೂರ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರ ಅಂಚಿನಲ್ಲಿ ಶರಣರ ಮಠ, ಅದರ ಸ್ವಾಮಿಗಳೇ ಅಜ್ಜನವರು. ಮಠದ ಬೆನ್ನಿಗೆ ಹೊಂಡ. ನಾನು ಸಿದ್ದಲಿಂಗೇಶ, ಆ ಗದ್ದುಗೆಯ ಪೂಜಾರಿ. ಆ ಹೊತ್ತಿಗೆ ನನ್ನ ಕೈಯಲ್ಲಿ ಆರತಿ ಇತ್ತು. ಬೆಳಗಲೋ ಇಳಿಸಲೋ ತಿಳಿಯದೆ ಸುಮ್ಮನೆ ಹಿಡಿದು ನಿಂತೆ.

"ಯಾರು ತಂದಿದ್ದು ಇದನ್ನ?" ಎಂದು ಆದೆಪ್ಪ ಸಾವಕಾರರು ಕೇಳಿದರು.

ಕೇಳುವ ಗರಜೇ ಇರಲಿಲ್ಲ. ಅಜ್ಜನವರ ಈ ದಿನದ ಚಾಪೆ ತಲೆತಲಾಂತರದಿಂದ ಗಾಳೆಮ್ಮನ ಮನೆಯದು. ಹೊಂಡದಲ್ಲಿ ಬೆಳೆಯುವ ಜೇಕುಹುಲ್ಲನ್ನು ಕೊಯ್ದು, ಒಣಗಿಸಿ, ಅರಿಶಿನದಲ್ಲಿ ಅದ್ದಿ, ನವಿಲುಗಣ್ಣಿನ ಅಂಚು ಹಾಕಿ ನೇಯುತ್ತಾರೆ. ಭಾನುವಾರ ಸಂಜೆ ತಂದು ಹೊಸ್ತಿಲಿನ ಹೊರಗೆ ಇಡುತ್ತಾರೆ. ಒಳಗೆ ಬರುವುದಿಲ್ಲ. ಬರಗೊಡುವುದಿಲ್ಲ ಎಂದರೆ ಸರಿಯಾದೀತು. ನಾನು ಎತ್ತಿ ಒಳಗಿಡುತ್ತೇನೆ, ಮುಂಜಾನೆ ಹಾಸುತ್ತೇನೆ. ವರ್ಷ ಕಳೆದ ಚಾಪೆಯನ್ನು ಕತ್ತರಿಸಿ ಹಂಚುತ್ತೇವೆ. ಅಂಚಿರುವ ನಾಲ್ಕು ಮೂಲೆಗಳಲ್ಲಿ ಒಂದು ಅಜ್ಜನವರಿಗೆ, ಒಂದು ಪೂಜಾರಿಗೆ, ಒಂದು ದಾಸೋಹದ ಒಲೆಮನೆಗೆ, ಒಂದು ಹೊಂಡದ ನೀರಿಗೆ. ಚಾಪೆ ಕೊಡುವ ಮನೆಗೆ ಹೊಂಡದ ಉಳಿದ ಜೇಕಿನ ಹಕ್ಕು. ಗಾಳೆಮ್ಮನ ಕೇರಿಯ ಮಗ್ಗಗಳೆಲ್ಲ ಅದರಿಂದಲೇ ಆಡುತ್ತವೆ.

ಗಾಳೆಮ್ಮ ಅಂಗಳದಲ್ಲೇ ನಿಂತಿದ್ದಳು. ಬಾಗಿಲಿನಿಂದ ಒಳಗೆ ಬಗ್ಗಿ ನೋಡಿದಳು.

"ಆ ಚಾಪಿ ನಂದಲ್ಲ."

"ನಿಂದಲ್ಲ?" ಆದೆಪ್ಪನವರ ದನಿ ಏರಿತು. "ಅಂಚು ನೋಡಬೇ. ನವಿಲುಗಣ್ಣು ಊರಾಗ ಇನ್ಯಾರು ಹಾಕ್ತಾರ?"

"ಅಂಚು ನಂದಿದ್ದಂಗ ಐತಿ. ಚಾಪಿ ನಂದಲ್ಲ. ಕೈಗೆ ಕೊಡ್ರಿ, ಹೇಳ್ತೀನಿ."

"ಕೈಗೆ ಕೊಡಬೇಕಂತ ಈಕಿಗೆ! ಮನ್ಯಾಗ ಬುದ್ಧನ ಫೋಟೊ ಹಾಕ್ಕೊಂಡು ಮಠಕ್ಕ ಕೊಳತ ಜೇಕು ನೇಯ್ದು ತಂದಾಳ. ಅಜ್ಜಾರ ರಕ್ತ ಹರಿಸ್ಯಾಳ. ಸುಡ್ರಿ ಇದನ್ನ!"

"ಸುಡಬ್ಯಾಡ್ರಿ," ಎಂದರು ಅಜ್ಜನವರು. ಅವರು ಮಾತಾಡುವುದೇ ಕಡಿಮೆ. "ಸುಟ್ಟದ್ದು ಸಾಕ್ಷಿ ಹೇಳಂಗಿಲ್ಲ. ಸಿದ್ದಲಿಂಗ, ಸುತ್ತಿ ಕೀಲಿ ಹಾಕಿಡು."

ಮಧ್ಯಾಹ್ನ ಕಟ್ಟೆಯ ಮೇಲೆ ಪಂಚಾಯ್ತಿ ಕೂತಿತು. ಬರುವ ಸೋಮವಾರ ಗಾಳೆಮ್ಮ ತಪ್ಪು ಕಾಣಿಕೆ ಇಟ್ಟು, ಎಲ್ಲರ ಮುಂದೆ ತಪ್ಪಾಯಿತು ಅನ್ನಬೇಕು. ಹೊಂಡದ ಹಕ್ಕು ಬಿಡಬೇಕು. ಹಕ್ಕು ಬಿಟ್ಟ ಮೇಲೆ ಹೊಂಡ ಯಾಕೆ? ಮಣ್ಣು ತುಂಬಿಸಿ ಯಾತ್ರಿಕರ ಕೋಣೆ ಕಟ್ಟೋಣ ಎಂದು ಆದೆಪ್ಪನವರೇ ಹೇಳಿದರು. ಬಹಳ ದಿನದ ಆಸೆ ಇದ್ದಿರಬೇಕು. ಮಾತು ತಡವರಿಸದೆ ಬಂತು.

ಆದೆಪ್ಪನವರ ಅಕ್ಕ ಕಲ್ಯಾಣಮ್ಮ ಮಾತ್ರ ಗಾಳೆಮ್ಮನ ಹತ್ತಿರ ಹೋದರು. ಗಂಡ ತೀರಿದ ಮೇಲೆ ತಮ್ಮನ ಮನೆಯಲ್ಲಿದ್ದು ಮಠದ ದಾಸೋಹ ನಡೆಸುವ ತಾಯಿ. ಊರಿಗೆಲ್ಲ ಅವರ ಕೈಯನ್ನದ ಋಣ.

"ಗಾಳೆವ್ವ, ಹಟ ಬ್ಯಾಡ. ತಪ್ಪು ಕಾಣಿಕಿ ನಾನ ಕೊಡ್ತೀನಿ. ನೀ ಒಂದು ಮಾತು ಅಂದು ಮುಗಿಸಿಬಿಡು."

ಗಾಳೆಮ್ಮ ಸೆರಗು ಸೊಂಟಕ್ಕೆ ಸಿಗಿಸಿದಳು.

"ಅವ್ವಾರ, ಮಾಡಿದ್ರ ಅಂತಿದ್ದೆ. ಮಾಡಿಲ್ಲ. ನಾಲಿಗಿ ನಂದು, ಸುಳ್ಳ ಹೇಳಾಕ ಯಾರಿಗೂ ಬಾಡಿಗಿ ಕೊಡಂಗಿಲ್ಲ. ಹೊಂಡದಾಗ ಮಣ್ಣು ಹಾಕೋದಾದ್ರ ಮೊದಲ ನಾ ಇಳದು ನಿಂದಿರ್ತೀನಿ. ನನ್ನ ಮ್ಯಾಲ ಹಾಕ್ಲಿ."

ಅಂದು ಸಂಜೆ ಅಜ್ಜನವರ ಅಪ್ಪಣೆ ಪಡೆದು ನಾನು ಲಿಂಗಸುಗೂರಿಗೆ ಫೋನು ಮಾಡಿದೆ.

*

ನಾನು ಕರೆಸಿದ ಶಿವಕುಮಾರಿ ಅಕ್ಕ ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತರಾದವರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಲಿಂಗಪೂಜೆಯಾಗದೆ ನೀರು ಮುಟ್ಟುವುದಿಲ್ಲ, ಚಹಾ ಕುಡಿಯದೆ ಯಾರನ್ನೂ ವಿಚಾರಿಸುವುದಿಲ್ಲ. ಬಸ್ಸಿನಿಂದ ಇಳಿದವರನ್ನು ಮೊದಲು ಎದುರುಗೊಂಡವರು ಆದೆಪ್ಪನವರೇ.

"ಅಕ್ಕಾರ, ನೀವು ನಮ್ಮವರಾಗಿ ಆಕಿ ಪರ ಬಂದೀರೇನು?"

"ಲಿಂಗ ಕಟ್ಟಿದೋರಿಗೆಲ್ಲ ನಾ ನಮ್ಮಾಕಿ ಸಾವಕಾರ್ರ. ಸುಳ್ಳಿಗೆ ಮಾತ್ರ ಪರದೇಶಿ. ಸುಳ್ಳು ಯಾರ ಕಡಿ ಐತಿ ಇನ್ನೂ ಗೊತ್ತಿಲ್ಲ. ನೀವ್ಯಾಕ ಈಗ ಬೆವರಾಕತ್ತೀರಿ?"

ಆದೆಪ್ಪನವರು ಟವಲಿನಿಂದ ಮುಖ ಒರೆಸಿಕೊಂಡು ನಡೆದರು.

ಅಕ್ಕ ಪಡಸಾಲೆಯಲ್ಲಿ ಕೂತು ನನ್ನಿಂದಲೇ ಶುರು ಮಾಡಿದರು.

"ಸಂಜಿಗೆ ಚಾಪಿ ಹೆಂಗ ಎತ್ತಿದಿ?"

"ಎರಡೂ ಕೈಲೆ ಅಪ್ಪಿಕೊಂಡು. ಹೊಸ ಚಾಪಿ ಭಾರ ಇರತೈತಿ."

"ಎಲ್ಲಿಟ್ಟಿ?"

"ಇಲ್ಲೇ. ಗ್ವಾಡಿಗೆ ಆನಿಸಿ ನಿಂದ್ರಿಸಿದೆ."

"ಮುಂಜಾನಿ ಹಾಸುವಾಗ?"

"ಬಲಗೈಯಾಗ ದೀಪ ಇತ್ತು. ಎಡಗೈಲೆ ಚಾಪಿ ಒಯ್ದೆ."

ಅಕ್ಕ ಚಹಾದ ಲೋಟ ಕೆಳಗಿಟ್ಟು ನನ್ನ ಎಡಗೈಯನ್ನೇ ನೋಡಿದರು.

"ಬಾಗಿಲ?"

"ದೊಡ್ಡ ಬಾಗಿಲಿಗೆ ಒಳಗಿಂದ ಅಗಳಿ. ನಾ ಬಾಗಿಲಿಗೇ ಹತ್ತಿ ಮಲಗೀನಿ. ಇನ್ನೊಂದು ಅಂದ್ರ ಒಲಿಮನಿ ಬಾಗಿಲ. ಅದರ ಕೀಲಿ ಸಾವಕಾರ್ರ ಮನ್ಯಾಗ ಗೂಟಕ್ಕ ಇರತೈತಿ."

"ಆ ಮನ್ಯಾಗ ಯಾರ್ ಬೇಕಾದ್ರೂ ತಗೋಬಹುದು?"

"ತಗೋಬಹುದು."

"ಸಂಜಿಗೆ ಗಾಳೆಮ್ಮ ಬಿಟ್ಟು ಯಾರು ಬಂದಿದ್ರು?"

ನಾನು ಹಿಂದೆಮುಂದೆ ನೋಡಿದೆ. ಹೇಳದೆ ಗತಿಯಿರಲಿಲ್ಲ. "ಆಕಿ ಮಗ ರಾಜೇಶ. ಬೈಕಿನ ಮ್ಯಾಲ ಬಂದ. ಸಿಟ್ಟಿನ್ಯಾಗ ಇದ್ದ."

ಲಿಂಗಸುಗೂರಿನ ಸರ್ಕಾರಿ ಕಚೇರಿಯಲ್ಲಿ ರಾಜೇಶನಿಗೆ ನೌಕರಿ. ನಾವು ಹೋದಾಗ ಮನೆಯಲ್ಲೇ ಇದ್ದ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಗೋಡೆಯ ಬುಡದಲ್ಲಿ ಗಾಳೆಮ್ಮನ ಮಗ್ಗ. ಕೂರಲು ಕುರ್ಚಿ ಕೊಟ್ಟ. ತಾನು ನಿಂತೇ ಇದ್ದ.

"ಪೂಜಾರಿಗೆ ಏನ್ ಹೇಳಾಕ ಹೋಗಿದ್ದೆಪಾ?"

"ನಮ್ಮವ್ವ ಹೊಸ್ತಿಲ ಹೊರಗ ಚಾಪಿ ಇಟ್ಟು ಬರೋದು ಇದ ಕಡೀದು ಅಂತ. ಒಳಗ ಬರಗೊಡದ ದೇವರಿಗೆ ಚಾಪಿ ಯಾಕ್ರಿ?"

"ಅದಕ್ಕ ಚಾಪಿ ಕೆಡಿಸಿದಿ?"

ರಾಜೇಶ ನಕ್ಕ. ಸಿಟ್ಟಿನ ನಗೆ.

"ಮೇಡಂ, ನಾ ಕೆಡಸೋದಾಗಿದ್ರ ಹಗಲಿನ್ಯಾಗ, ಊರ ಮುಂದ, ಕುಡಗೋಲು ತಗೊಂಡು ಕೆಡಸ್ತಿದ್ದೆ. ಕೆಡಸಿ ಹೆಸರೂ ಹೇಳ್ತಿದ್ದೆ. ಮುಚ್ಚಿ ಮಾಡೋದು ಅಂಜಿದೋರ ಕೆಲಸ. ನಾವು ಅಂಜೋದು ಬಿಟ್ಟು ಬಾಳ ದಿನ ಆತು."

"ಮತ್ತ ನಿಮ್ಮವ್ವ ಯಾಕ ಇನ್ನೂ ನೇಯ್ತಾಳ?"

ಉತ್ತರ ಮಗ್ಗದ ಮುಂದೆ ಕೂತಿದ್ದ ಗಾಳೆಮ್ಮನಿಂದ ಬಂತು. "ಹೊಂಡಕ್ಕ, ಯವ್ವಾ. ಇಂವ ನೌಕರಿ ಮಾಡ್ತಾನ, ಇಂವಗ ಹೊಂಡ ಬ್ಯಾಡ. ಕೇರ್ಯಾಗ ಉಳದೋರು? ಚಾಪಿ ನಿಂತ್ರ ಹೊಂಡ ಹೋತು. ಹೊಂಡ ಹೋದ್ರ ಮಗ್ಗ ಹೋದ್ವು. ನಾ ಹೊಸ್ತಿಲ ಹೊರಗ ಇಡೋದು ಮರ್ಯಾದಿ ಅಲ್ಲ, ಹಕ್ಕು."

"ಒಡದ ಚಾಪಿ ನಿನಗ ತೋರಿಸ್ಲೇನು?"

"ತೋರಿಸ್ರಿ ಅಂತ ಅವತ್ತಿಂದ ಬಡಕೊಳ್ಳಾಕತ್ತೀನಿ."

ಅಕ್ಕ ಎದ್ದರು. "ಇವತ್ತ ಬ್ಯಾಡ. ನೀ ಹೇಳಿದ್ರ ನಿನ್ನ ಬಾಯಿ ಅಂತಾರ. ಮೊದಲ ನನ್ನ ಕೈ ಕಲೀಲಿ."

*

ಕೀಲಿ ತೆಗೆದು ಚಾಪೆ ಬಿಚ್ಚಿದೆವು. ಅಂಗಳದ ಬಿಸಿಲಿನಲ್ಲಿ ಅಕ್ಕ ಅದರ ಮುಂದೆ ಮೊಣಕಾಲೂರಿದರು. ಒಂದು ಕಡ್ಡಿ ಬಿಡಿಸಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತಾ ಹೋದರು. ಪಟ್. ಚೂರು ಮುಂದೆ, ಪಟ್. ಮತ್ತೆ ಪಟ್.

"ಸಿದ್ದಲಿಂಗ, ಬ್ಲೇಡು ತಾ."

ಉದ್ದಕ್ಕೆ ಸೀಳಿದರು. ಒಳಗೆ ಟೊಳ್ಳು. ಟೊಳ್ಳಿನಲ್ಲಿ ಅಡ್ಡಡ್ಡ ತೆಳು ಪರದೆಗಳು, ಛತ್ರದ ಕೋಣೆಗಳ ಹಾಗೆ ಸಾಲಾಗಿ. ಒತ್ತಿದಾಗ ಒಡೆಯುತ್ತಿದ್ದದ್ದು ಆ ಪರದೆಗಳು.

"ಈಗ ಹೊಂಡಕ್ಕ ನಡಿ."

ಹೊಂಡದಲ್ಲಿ ನನ್ನ ಕಣ್ಣಿಗೆ ಯಾವತ್ತೂ ಇದ್ದದ್ದು ಒಂದೇ – ಹಸಿರು. ಅಕ್ಕ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದರು. ಮೊದಲು ಕಿತ್ತದ್ದು ಆಪು. ಪಟ್ಟಿಯಂಥ ಎಲೆ, ತುದಿಯಲ್ಲಿ ಕಂದುಬಣ್ಣದ ಉದ್ದನೆ ಕೊಂಡೆ; ಅದನ್ನು ಮಕ್ಕಳೂ ಗುರುತಿಸುತ್ತಾರೆ, ಬದಿಗೆ ಎಸೆದರು. ಆಮೇಲೆ ಜೇಕು. ಎಲೆಯಿಲ್ಲದ ನೆಟ್ಟನೆ ಕಡ್ಡಿ. ತಲೆಯ ಮೇಲೆ ಸಣ್ಣ ಛತ್ರಿಯಂತೆ ಬಿಚ್ಚಿದ ಹೂಗೊಂಚಲು.

"ಕಣ್ಣು ಮುಚ್ಚು. ಬೆರಳಿನ್ಯಾಗ ಇದನ್ನ ತಿರುವು."

ತಿರುವಿದೆ. ಕಡ್ಡಿ ತಡೆದು ತಡೆದು ಉರುಳಿತು.

"ಮೂಲಿ ಹತ್ತಾಕತ್ತಾವ ಅಕ್ಕಾ. ಮೂರು ಮೂಲಿ."

ಸೀಳಿದಾಗ ಒಳಗೆ ಬೆಂಡಿನಂಥ ಬಿಳಿ ತಿರುಳು, ಬುಡದಿಂದ ತುದಿವರೆಗೆ ಒಂದೇ ಸಮ. ಒತ್ತಿದರೆ ಸದ್ದಿಲ್ಲ, ಒಳಗಿಳಿದು ಮತ್ತೆ ಮೇಲೆದ್ದಿತು.

"ಇದರ ಮ್ಯಾಲ ಕುಂತ್ರ ಬಾಗತೈತಿ, ಒಡಿಯಂಗಿಲ್ಲ," ಎಂದರು ಅಕ್ಕ. "ಒಡದ ಚಾಪಿದು ಬ್ಯಾರೆ ಜಾತಿ. ಅರಿಶಿನ ಹಚ್ಚಿ, ಒಣಗಿಸಿ ಬಿಗಿಯಾಗಿ ಹೆಣದ ಮ್ಯಾಲ ಎರಡೂ ಅಕ್ಕತಂಗಿ ಕಂಡಂಗ ಕಾಣ್ತಾವ. ನಿಮ್ಮ ಹೊಂಡದಾಗ ಇನ್ನೊಂದು ಜಾತಿ ಎಲ್ಲೈತಿ?"

ಸುತ್ತಲೂ ಹುಡುಕಿದೆವು. ಒಂದೂ ಇರಲಿಲ್ಲ. ದಂಡೆಯ ಮೇಲೆ ಹಸಿಜೇಕು ಹೊರೆ ಕಟ್ಟುತ್ತಿದ್ದ ಕೇರಿಯ ಗಂಗಾದೇವಿಯನ್ನು ಕೇಳಿದರೆ ಆಕೆಗೆ ನಗು.

"ಪೊಳ್ಳು ಜೇಕು ಏನ್ರಿ? ಅದು ಒಂದು ಹುಟ್ಟಿದ್ರ ಗಾಳೆಮ್ಮತ್ತಿ ನಮ್ಮನ್ನ ಕೊಲ್ತಾಳ! ಕಂಡಲ್ಲೆ ಬೇರು ಸಮೇತ ಕೀಳಸ್ತಾಳ. ಕಾಲುವಿ ಬಸಿ ನೀರು ನಿಂತಲ್ಲಿ ಬೆಳಿತೈತಿ, ಅಲ್ಲಿ ನೋಡ್ರಿ."

ಅಕ್ಕ ಮತ್ತೆ ಚಾಪೆಗೆ ಬಂದರು. ಈ ಸಲ ಕಡ್ಡಿಗಳ ಮೈಯನ್ನು ಇಷ್ಟಿಷ್ಟೇ ನೋಡಿದರು. ಎಷ್ಟೋ ಕಡ್ಡಿಗಳಿಗೆ ನಡುಮೈಯಲ್ಲಿ, ಮಗ್ಗುಲಿಗೆ, ಏನೋ ಚಿವುಟಿ ತೆಗೆದಂಥ ಗಾಯ. ಹೆಣಿಗೆಯ ಸಂದಿಯಲ್ಲಿ ಕರಿ ಪುಡಿ. ಬೆರಳಿಗೆ ತೆಗೆದು ಮೂಸಿದರು.

"ಭತ್ತದ ಹೊಟ್ಟು ಸುಟ್ಟ ಬೂದಿ. ರೈಸ್‌ಮಿಲ್ ಎಲ್ಲೈತಿ?"

ನಮ್ಮೂರಿಗೆ ಇರುವುದು ಒಂದೇ ಮಿಲ್ಲು. ಆದೆಪ್ಪ ಸಾವಕಾರರದು.

ಮಿಲ್ಲಿನ ಹಿಂದೆ ಬಸಿಗಾಲುವೆ. ನೀರಿನ ಮೇಲೆ ಕರಿ ಬೂದಿಯ ಕೆನೆ. ಅದರ ನಡುವೆ ಸೊಂಪಾಗಿ ನಿಂತಿತ್ತು ಪೊಳ್ಳು ಜೇಕು. ದುಂಡನೆ ಕಾಂಡ, ಬೆರಳಲ್ಲಿ ಸಲೀಸಾಗಿ ಉರುಳಿತು. ಹೂವು ತಲೆಯಲ್ಲಿಲ್ಲ – ಕಾಂಡದ ಮಗ್ಗುಲಲ್ಲಿ ಗಂಟಿನ ಹಾಗೆ ಕೂತಿತ್ತು. ಚಿವುಟಿದರೆ ಅದೇ ಗಾಯ. ಒಂದು ಮೂಲೆಯಲ್ಲಿ ಹಾಸಿಗೆಯಷ್ಟು ಜಾಗ ಕೊಯ್ದು ಬೋಳಾಗಿತ್ತು.

ನಾನು ಮಿಲ್ಲಿನ ಕಡೆ ಕೈ ತೋರಿಸಿದೆ. "ಸಾವಕಾರ್ರ! ಹೊಂಡದ ಆಸೆಗೆ –"

"ಆತುರ ಬ್ಯಾಡ," ಎಂದರು ಅಕ್ಕ. "ಜೇಕು ಮಿಲ್ಲಿನ ಹಿಂದಿಂದು. ನೇಯ್ದ ಕೈ ಯಾವುದು? ಗಾಳೆಮ್ಮನ್ನ ಕೇಳಿ ಬಾ, ಈ ಜೇಕಿನ್ಯಾಗ ಕೆಲಸ ಮಾಡೋರು ಯಾರಂತ."

*

ಸಿಂಧನೂರಿನ ಬಸ್‌ಸ್ಟ್ಯಾಂಡಿನಿಂದ ಗಂಗಾವತಿ ರಸ್ತೆಗೆ ಸ್ವಲ್ಪ ದೂರ ನಡೆದರೆ ಗಾಳೆಮ್ಮ ಹೇಳಿದ ಚಾಂದ್‌ಬೀಯ ಅಂಗಡಿ. ಬಿಸಿಲಿಗೆ ಕಟ್ಟುವ ತಟ್ಟಿಗಳನ್ನು ಹೆಣೆದು ಮಾರುತ್ತಾಳೆ. ಅಂಗಡಿ ಎಂದರೆ ಒಂದು ತಟ್ಟಿಯ ನೆರಳು, ಅದರಡಿ ಆಕೆ.

"ತಟ್ಟಿ ಬೇಕೇನ್ರಿ? ಕಿಟಕಿಗೋ ದರವಾಜಕ್ಕೋ?"

ಅಕ್ಕ ಒಡೆದ ಚಾಪೆಯ ತುಂಡು ಮುಂದಿಟ್ಟರು.

"ಯಾ ಅಲ್ಲಾ! ಇದು ನಂದ. ಏನಾತಿದಕ್ಕ?"

"ಇದರ ಮ್ಯಾಲ ಕುಂತ್ರು."

"ಕುಂತ್ರು?" ಚಾಂದ್‌ಬೀ ಹಣೆ ಚಚ್ಚಿಕೊಂಡಳು. "ಇದು ಕುಂದ್ರೋ ಜೇಕಲ್ರಿ! ತಂದವಗ ಮೊದಲ ಹೇಳೀನಿ. ಗಾಳಿ ಬೀಸಾಕ, ನೆರಳಿಗೆ ಛಲೋ. ಮೈಭಾರ ತಡಿಯಂಗಿಲ್ಲ ಅಂತ. 'ನಂಗೇನ್ ಗೊತ್ತು ಖಾಲಾ, ಹೇಳಿದಂಗ ಮಾಡು' ಅಂದ."

"ತಂದವ ಯಾರು?"

"ಮಿಲ್ಲಿನ ಟ್ರ್ಯಾಕ್ಟರ್ ಹೊಡೀತಾನಲ್ರೀ, ಯಮನೂರ. ಭತ್ತದ ಚೀಲದ ಮ್ಯಾಲ ಹೊರಿ ಹಾಕ್ಕೊಂಡು ಬಂದಿದ್ದ. ಮನೀಯವ್ರು ಕಳಿಸ್ಯಾರ ಅಂದ. ಯಾರಂತ ನಾ ಕೇಳಿಲ್ಲ. ಕೇಳಿದ್ರ ಹೊಟ್ಟಿ ತುಂಬತೈತೇನು?"

"ಅಂಚಿನ ಹೂವು ನಿನಗ ಹೆಂಗ ಬಂತು?"

"ನಮೂನಿ ಕೊಟ್ಟಿದ್ರು. ಹಂಗ ಮಾಡು, ಒಂದು ಎಳಿ ಹೆಚ್ಚಾಗಬಾರ್ದು, ಕಮ್ಮಿ ಆಗಬಾರ್ದು ಅಂತ. ಬಾಳ ತ್ರಾಸಿನ ಹೂವು ಅದು. ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಕಣ್ಣು ಹೋದ್ವು."

ತಗಡಿನ ಡಬ್ಬಿಯಿಂದ ಆ ನಮೂನೆ ತೆಗೆದುಕೊಟ್ಟಳು. ಹೋದ ವರ್ಷ ಕತ್ತರಿಸಿ ಹಂಚಿದ ಚಾಪೆಯ ಮೂಲೆ. ಅಕ್ಕ ಅದನ್ನು ಮೂಸಿದರು. ನನ್ನ ಮೂಗಿಗೆ ಹಿಡಿದರು.

ನಾನು ಕಣ್ಣು ಮುಚ್ಚಿದೆ. ಆ ವಾಸನೆ ನನಗೆ ಗೊತ್ತು. ದಿನಾ ಉಂಡ ವಾಸನೆ.

*

ಸೋಮವಾರ. ಅಂಗಳದ ತುಂಬ ಜನ. ಅಜ್ಜನವರು ಕಟ್ಟೆಯ ಮೇಲೆ. ಆದೆಪ್ಪನವರ ಪಕ್ಕದಲ್ಲಿ ಕಲ್ಯಾಣಮ್ಮ, ಕೈಯಲ್ಲಿ ಕಾಯಿ, ಎಲೆ, ಅಡಿಕೆಯ ತಟ್ಟೆ – ಗಾಳೆಮ್ಮನ ಪರವಾಗಿ ತಂದ ತಪ್ಪು ಕಾಣಿಕೆ. ಗಾಳೆಮ್ಮ ಎದುರಿಗೆ, ಬರಿಗೈಯಲ್ಲಿ. ಹಿಂದೆ ರಾಜೇಶ, ಕೇರಿಯ ಮಂದಿ.

ಅಕ್ಕ ಎರಡು ಕಡ್ಡಿಗಳನ್ನು ಮಂದಿಯ ಕೈಗೆ ಕೊಟ್ಟರು. ಒಂದು ಹೊಂಡದ್ದು, ಇನ್ನೊಂದು ಬಸಿಗಾಲುವೆಯದು.

"ತಿರುವ್ರಿ. ಒತ್ತಿ ನೋಡ್ರಿ. ಒಂದು ಮೂರು ಮೂಲಿದು, ಒಳಗ ತಿರುಳು. ಇನ್ನೊಂದು ದುಂಡಂದು, ಒಳಗ ಪೊಳ್ಳು. ಅಜ್ಜಾರು ಕುಂತ ಚಾಪಿ ಪೊಳ್ಳು ಜೇಕಿಂದು. ಗಾಳೆಮ್ಮ ಇಟ್ಟ ಚಾಪಿ ಬ್ಯಾರೆ, ಇಲ್ಲಿ ಹಾಸಿದ ಚಾಪಿ ಬ್ಯಾರೆ."

ಪಟ್, ಪಟ್ ಎಂಬ ಸದ್ದು ಕೈಯಿಂದ ಕೈಗೆ ಹೋಯಿತು. ಗುಜುಗುಜು ಎದ್ದಿತು.

"ಆಕೀನ ಪೊಳ್ಳು ಜೇಕು ತಂದಿದ್ರ?" ಆದೆಪ್ಪನವರು ಬಿಡಲಿಲ್ಲ.

"ಪೂಜಾರಿ ಕೈ ಸಾಕ್ಷಿ ಐತಿ. ಸಂಜಿಗೆ ಎರಡು ಕೈ ಬೇಕಾದ ಚಾಪಿ ಮುಂಜಾನಿ ಒಂದ ಕೈಯಾಗ ಬಂತು. ಒಂದ ರಾತ್ರ್ಯಾಗ ಚಾಪಿ ಅರ್ಧ ಹಗುರ ಆಗತೈತೇನ್ರಿ? ಸಿದ್ದಲಿಂಗಗ ದೀಪದ ಮ್ಯಾಲ ಲಕ್ಷ್ಯ ಇತ್ತು, ಕೈ ಹೇಳಿದ್ದು ಕೇಳಿಸಲಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಎರಡೂ ತೋಳುಗಳನ್ನು ಅಪ್ಪುವಂತೆ ಚಾಚಿ ತೋರಿಸಿದೆ. ಬಳಿಕ ಎಡಗೈ ಒಂದನ್ನೇ.

"ಪೊಳ್ಳು ಜೇಕು ಸಾವಕಾರ್ರ ಮಿಲ್ಲಿನ ಹಿಂದಿಂದು. ಅವ್ರ ಟ್ರ್ಯಾಕ್ಟರಿನ್ಯಾಗ ಸಿಂಧನೂರಿಗೆ ಹೋಗಿ ಚಾಪಿ ಆಗಿ ಬಂತು."

ಆದೆಪ್ಪನವರ ಬಾಯಿ ತೆರೆಯಿತು. "ನನ್ನ ಮ್ಯಾಲ ಹಾಕ್ತೀರೇನು? ಗುರುವಿನಾಣೆ, ನನಗ –"

"ನಿಮ್ಮ ಮ್ಯಾಲ ಹಾಕಬೇಕಂತ ಆಸೆ ಬಾಳ ಇತ್ತು," ಎಂದರು ಅಕ್ಕ. ಜನ ನಕ್ಕರು. "ಆದ್ರ ಅಂಚು ಬಿಡಲಿಲ್ಲ. ಚಾಪಿ ಒಡೀಲಿ, ಗಾಳೆಮ್ಮಗ ಕೆಟ್ಟ ಹೆಸರು ಬರ್ಲಿ ಅನ್ನೋರು ಅಂಚಿಗೆ ಇಷ್ಟು ಜೀವ ಸವಿಸ್ತಾರೇನು? ಒಂದು ಎಳಿ ಹೆಚ್ಚು ಕಮ್ಮಿ ಆಗಬಾರ್ದು ಅಂತ ಹೇಳಿ ಕಳಿಸ್ಯಾರ. ಇದು ಒಡೀಬೇಕಂತ ಮಾಡಿದ್ದಲ್ಲ. ಯಾರಿಗೂ ಗೊತ್ತಾಗಬಾರ್ದಂತ ಮಾಡಿದ್ದು. ವೈರಿ ಕೆಲಸ ಅಲ್ಲ, ಭಕ್ತರ ಕೆಲಸ. ಅದೂ ಜೇಕು ಎಲ್ಲಾ ಒಂದ ಅಂತ ತಿಳಕೊಂಡ ಭಕ್ತರು. ಗಾಳೆಮ್ಮನ ಮನ್ಯಾಗ, ಕೇರ್ಯಾಗ ಈ ತಪ್ಪು ಮಾಡೋ ಕೂಸು ಸೈತ ಇಲ್ಲ. ಹೊಂಡಕ್ಕ ಒಮ್ಮೀನೂ ಇಳೀದೋರು ಮಾತ್ರ ಇದನ್ನ ಮಾಡ್ಬೇಕು."

ಅಕ್ಕ ನಮೂನೆಯ ಮೂಲೆಯನ್ನು ಮೇಲೆತ್ತಿದರು.

"ಈ ತುಣುಕು ನೋಡಿ ಅಂಚು ಹಾಕ್ಯಾರ. ಒಂದು ಮೂಲಿ ಅಜ್ಜಾರ ಹಂತ್ಯಾಕ ಐತಿ, ನೋಡೀನಿ. ಒಂದು ಸಿದ್ದಲಿಂಗನ ಮನ್ಯಾಗ ಐತಿ. ಒಂದು ನೀರಿಗೆ ಹೋತು. ಇದು ಇಂಗು, ತುಪ್ಪದ ಒಗ್ಗರಣಿ ವಾಸನಿ ಹೊಡಿಯಾಕತ್ತೈತಿ. ವರ್ಷಪೂರ್ತಿ ದಾಸೋಹದ ಒಲಿ ಮ್ಯಾಲ ತೂಗಿದ್ದು. ಅವ್ವಾರ, ಒಲಿಮನ್ಯಾಗಿನ ಮೂಲಿ ಎಲ್ಲೈತ್ರಿ?"

ಕಲ್ಯಾಣಮ್ಮ ತಟ್ಟೆಯನ್ನು ನೆಲಕ್ಕಿಟ್ಟರು.

"ಹೌದು. ನಾನ."

"ಅಕ್ಕಾ!" ಎಂದರು ಆದೆಪ್ಪನವರು.

"ಸುಮ್ನಿರೋ. ಏನ್ ಕಳವು ಮಾಡೀನೇನು? ಬುದ್ಧಗ ಕೈ ಮುಗಿದ ಮನಿ ಚಾಪಿ ಮ್ಯಾಲ ನಮ್ಮಜ್ಜಾರು ಕುಂದ್ರೋದು ನೋಡಿ ನೋಡಿ ಮನಸ್ಸಿಗೆ ಮುಳ್ಳಾಗಿತ್ತು. ಒಂದು ವರ್ಷರ ನನ್ನ ಸೇವಾದ ಚಾಪಿ ಆಗ್ಲಿ ಅಂದೆ. ಹೊಂಡಕ್ಕ ಇಳಿದ್ರ ಊರು ನೋಡತೈತಿ. ಕಾಲುವಿ ಜೇಕು ಕೊಯ್ಸಿ ನೇಯಿಸಿದೆ, ರಾತ್ರಿ ಒಲಿಮನಿ ಬಾಗಿಲಿಂದ ಬಂದು ಬದಲಿ ಇಟ್ಟೆ. ಜೇಕು ಜೇಕನ ಅಲ್ಲೇನು? ಒಡಿತೈತಿ ಅಂತ ನಾ ಕನಸು ಕಂಡಿದ್ನೇನು?"

"ಒಡದ ಮ್ಯಾಲ?" ಅಕ್ಕನ ದನಿ ಮೆತ್ತಗಿತ್ತು. "ಆಕಿ ಮ್ಯಾಲ ಬಂದಾಗ ಯಾಕ ಬಾಯಿ ಬಿಡಲಿಲ್ಲ? ತಪ್ಪು ಕಾಣಿಕಿ ನಾನ ಕೊಡ್ತೀನಿ ಅಂದ್ರಿ. ತಪ್ಪು ನಿಮ್ಮದಿತ್ತು, ಕಾಣಿಕಿ ನೀವ ಕೊಡೋದು ಬರೋಬ್ಬರಿ ಇತ್ತು. ತಪ್ಪಾತು ಅನ್ನೋ ಮಾತು ಮಾತ್ರ ಆಕಿ ಬಾಯಿಂದ ಬರಬೇಕಾಗಿತ್ತು, ಹೌದಲ್ರೀ?"

ಕಲ್ಯಾಣಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ಖರೇ ಚಾಪಿ ಎಲ್ಲೈತಿ? ಸುಟ್ಟಿರಲಿಕ್ಕಿಲ್ಲ ನೀವು."

"ಶರಣರ ಹೊಂಡದ ಜೇಕು. ಹೆಂಗ ಸುಡ್ಲಿ?" ಮೊದಲ ಸಲ ಆ ತಾಯಿಯ ಕಣ್ಣು ತುಂಬಿತು. "ಅಟ್ಟದ ಮ್ಯಾಲ ಹೊಸ ಮಡಿಬಟ್ಟ್ಯಾಗ ಸುತ್ತಿಟ್ಟೀನಿ. ದಿನಾ ಊದಿನಕಡ್ಡಿ ಹಚ್ಚೀನಿ."

ಗಾಳೆಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ನಾ ನೇಯ್ದಿದ್ದಕ್ಕ ಊದಿನಕಡ್ಡಿ. ನನಗ ಹೊಸ್ತಿಲ ಹೊರಗ. ಹಂಗೇನ್ರಿ ಅವ್ವಾರ?"

ಮೂವತ್ತು ವರ್ಷದಿಂದ ವಚನ ಹೇಳುವ ಬಾಯಿ ನನ್ನದು. ಆ ಹೊತ್ತು ಒಂದೂ ನೆನಪಿಗೆ ಬರಲಿಲ್ಲ.

ರಾಜೇಶನೇ ಹೋಗಿ ಅಟ್ಟದಿಂದ ಚಾಪೆ ಇಳಿಸಿ ತಂದ. ಬಿಚ್ಚಿದರೆ ಹೊಳೆವ ಅರಿಶಿನ, ಬಿಗಿಯಾದ ಹೆಣಿಗೆ. ಹೊಂಡದ ನೀರಿನ ತಂಪು ವಾಸನೆ ಇನ್ನೂ ಇತ್ತು.

ಆದೆಪ್ಪನವರು ಗಂಟಲು ಸರಿಮಾಡಿಕೊಂಡರು. "ಆತು. ಆದದ್ದು ಆತು. ಹೊಂಡದ ಮಾತು ನಾ ವಾಪಸ್ ತಗೊಂಡೆ. ಹಕ್ಕು ನಿಮ್ಮದ. ಗಾಳೆಮ್ಮ, ಚಾಪಿ ಸಿದ್ದಲಿಂಗನ ಕೈಗೆ ಕೊಡು, ಪೂಜಿ ನಡೀಲಿ."

"ಕೊಡಂಗಿಲ್ಲ."

"ಏನಂದಿ?"

"ಕೊಡಂಗಿಲ್ಲ ಸಾವಕಾರ್ರ. ಹಾಸ್ತೀನಿ." ಚಾಪೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಳು. "ನಾ ಹೊರಗ ಇಟ್ಟೆ, ಒಳಗ ಅದಲಿಬದಲಿ ಆತು. ನಮ್ಮತ್ತಿ ಇಟ್ಳು, ನಮ್ಮತ್ತಿ ಅತ್ತಿ ಇಟ್ಳು. ಒಳಗ ಹೆಂಗ ಹಾಸಿರಿ ನಾವ್ಯಾರೂ ಕಂಡಿಲ್ಲ. ಕಂಡಿದ್ರ ಇವತ್ತ ಈ ಪಂಚಾತಿ ಇರ್ತಿರಲಿಲ್ಲ. ಇನ್ನ ಮ್ಯಾಲ ಜೇಕು ಕೊಯ್ಯೋದು ನಾನು, ನೇಯೋದು ನಾನು, ಹಾಸೋದು ನಾನು. ಒಲ್ಲಿ ಅಂದ್ರ ಹೇಳ್ರಿ. ಚಾಪಿ ಮನಿಗೊಯ್ತೀನಿ. ಅಜ್ಜಾರು ಪೊಳ್ಳು ಜೇಕಿನ ಮ್ಯಾಲ ಕುಂದ್ರಲಿ."

ಜನರ ನಡುವಿನಿಂದ ಒಂದು ದನಿ, "ಪದ್ಧತಿ –" ಎಂದಿತು.

"ಪದ್ಧತಿ ಅಂದಾವ್ರು ಮುಂದ ಬರ್ರಿ," ಎಂದರು ಶಿವಕುಮಾರಿ ಅಕ್ಕ. "ಕಳವು ಆದ ಜಾಗ ಯಾವುದು ಅಂತ ಹೊಸ್ತಿಲಿಂದ ಗದ್ದುಗಿ ತನಕ ತೋರಿಸ್ತೀನಿ."

ಯಾರೂ ಬರಲಿಲ್ಲ.

ಅಜ್ಜನವರು ಎದ್ದರು. ಕಟ್ಟೆಯಿಂದ ನಿಧಾನ ಇಳಿದು, ಬಾಗಿಲ ಬಳಿ ಬಂದು, ದಾರಿ ಬಿಟ್ಟು ಪಕ್ಕಕ್ಕೆ ನಿಂತರು.

ಗಾಳೆಮ್ಮ ಹೊಸ್ತಿಲು ದಾಟಿದಳು. ಬಲಗಾಲೋ ಎಡಗಾಲೋ ನಾನು ನೋಡಲಿಲ್ಲ, ಆಕೆಯೂ ನೋಡಿಕೊಳ್ಳಲಿಲ್ಲ. ಒಳಗೆ ಕತ್ತಲೆಂದು ನಾನು ದೀಪ ಹಿಡಿದು ಜೊತೆಗೆ ಹೋದೆ. ಗದ್ದುಗೆಯ ಮುಂದೆ ಆಕೆ ಮೊಣಕಾಲೂರಿ ಚಾಪೆ ಬಿಚ್ಚಿದಳು. ಅದು ಸದ್ದಿಲ್ಲದೆ ಬಿಚ್ಚಿಕೊಂಡಿತು. ಮುದುರಿದ ಕಡೆ ಅಂಗೈಯಿಂದ ತೀಡಿದಳು, ಒಂದು ಮಗ್ಗುಲು ಎಳೆದು ನೇರ ಮಾಡಿದಳು. ಕೈಮುಗಿಯಲಿಲ್ಲ. ನಾನೂ ಮುಗಿ ಅನ್ನಲಿಲ್ಲ.

ಎದ್ದು ನಿಂತು ನನ್ನತ್ತ ತಿರುಗಿದಳು.

"ಸೊಟ್ಟ ಹಾಸ್ತಿದ್ರೇನ್ರಿ ಪೂಜಾರಪ್ಪ ಇಷ್ಟು ವರ್ಷ? ನವಿಲುಗಣ್ಣು ಗದ್ದುಗಿ ಕಡಿ ನೋಡಬೇಕು, ಜನರ ಕಡಿ ಅಲ್ಲ."